ಎಂಟು ಯಂತ್ರಗಳಿದ್ದರೂ ಕಾವೇರಿ ಪ್ರವಾಹದ ಲೆಕ್ಕ ಏಕೆ ತಡವಾಗುತ್ತಿದೆ?

ಹಾರಂಗಿ ತೀರ (ಕುಶಾಲನಗರ)

ಎಲ್ಲರಿಗೂ ನಮಸ್ಕಾರ. ನಾನು ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಉಪನ್ಯಾಸಕಿಯಾಗಿದ್ದೇನೆ. ಮೇಲ್ಕಾವೇರಿ ಜಲಾನಯನದಲ್ಲಿ ಸುರಿದ ಮಳೆ ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಎತ್ತರದ ನೀರಾಗಿ ಬರುತ್ತದೆ ಎಂದು ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಅನ್ನು ಕಂಪ್ಯೂಟರ್ ಸೈನ್ಸ್ ವಿಭಾಗದ ವಿದ್ಯಾರ್ಥಿಗಳ ಜೊತೆ ಸೇರಿ ಬರೆದಿದ್ದೇವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಕೊಡುವ ಮಳೆಯ ಅಳತೆಯೇ ಇದರ ಮುಖ್ಯ ಆಧಾರ.

ತಲಕಾವೇರಿಯಿಂದ ಕೂಡಿಗೆಯವರೆಗಿನ ಪ್ರದೇಶವನ್ನು ಒಳಗೊಳ್ಳುವಂತೆ 60 ಕಿಲೋಮೀಟರ್ ಉದ್ದ, 60 ಕಿಲೋಮೀಟರ್ ಅಗಲದ ಜಾಗವನ್ನು 30 ಮೀಟರಿನ ಚೌಕಗಳಾಗಿ ಮಾಡಿಕೊಂಡಿದ್ದೇವೆ. ಅಂದರೆ 2000 ಸಾಲು, 2000 ಕಂಬಸಾಲು, ಒಟ್ಟು 40 ಲಕ್ಷ ಚೌಕಗಳು. ಪ್ರತಿ ಚೌಕದಲ್ಲೂ ನೀರಿನ ಆಳ ಮತ್ತು ಎರಡು ದಿಕ್ಕಿನ ಹರಿವು ಎಂಬ ಮೂರು ಮೌಲ್ಯಗಳನ್ನು ಸುಮಾರು ಮೂರು ಸೆಕೆಂಡಿನ ಹೆಜ್ಜೆಗಳಲ್ಲಿ ಮುಂದಕ್ಕೆ ಒಯ್ಯುತ್ತೇವೆ. ಪ್ರೋಗ್ರಾಂ ಸಿ++ ಭಾಷೆಯಲ್ಲಿದೆ. ಯಂತ್ರಗಳ ನಡುವಿನ ಸಂವಹನ ಎಂಪಿಐ (ಪ್ರೋಗ್ರಾಂನ ಭಾಗಗಳು ಒಂದಕ್ಕೊಂದು ಸಂದೇಶ ಕಳುಹಿಸುವ ವ್ಯವಸ್ಥೆ) ಮೂಲಕ ನಡೆಯುತ್ತದೆ. ನಮ್ಮಲ್ಲಿರುವುದು ತಲಾ 16 ಲೆಕ್ಕದ ಘಟಕಗಳ, ಅಂದರೆ 16 ಕೋರ್‌ಗಳ ಎಂಟು ಯಂತ್ರಗಳು, ಅವುಗಳನ್ನು ಜೋಡಿಸುವ ಒಂದು ಸಾಮಾನ್ಯ ಗಿಗಾಬಿಟ್ ಸ್ವಿಚ್, ಮತ್ತು ಎಲ್ಲರೂ ಹಂಚಿಕೊಳ್ಳುವ ಒಂದು ಫೈಲ್ ಸರ್ವರ್.

ಒಂದು ದಿನದ ಮಳೆಯ ಲೆಕ್ಕ ಒಂದೇ ಯಂತ್ರದಲ್ಲಿ ಮೂರೂಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ನಾಲ್ಕು ಯಂತ್ರಗಳಿಗೆ ಹಂಚಿದರೆ ಎರಡು ಗಂಟೆಗೆ ಹತ್ತಿರ, ಎಂಟಕ್ಕೆ ಹಂಚಿದರೆ ಒಂದೂವರೆ ಗಂಟೆ. ಭಾಗಮಂಡಲದಲ್ಲಿ ರಾತ್ರಿ ಜೋರು ಮಳೆಯಾದರೆ ಕರಡಿಗೋಡು, ಗುಹ್ಯ ಮತ್ತು ಕುಶಾಲನಗರದ ತಗ್ಗು ಬಡಾವಣೆಗಳ ಜನರಿಗೆ ಸಾಮಾನು ಎತ್ತಿಡಲು ಸಿಗುವ ಸಮಯದಲ್ಲಿ ಒಂದೂವರೆ ಗಂಟೆಯನ್ನು ಲೆಕ್ಕವೇ ತಿಂದುಬಿಡುವುದು ನನಗೆ ಸರಿಯೆನಿಸುತ್ತಿಲ್ಲ. ಇನ್ನೂ ನಾಲ್ಕು ಯಂತ್ರಗಳನ್ನು ಕೊಳ್ಳಲು ಕಾಲೇಜು ಒಪ್ಪುವ ಸಾಧ್ಯತೆಯಿದೆ. ಅದರಿಂದ ಪ್ರಯೋಜನವಾದೀತೇ, ಅಥವಾ ಮೊದಲು ಬೇರೆ ಏನನ್ನಾದರೂ ನೋಡಬೇಕೇ ಎಂದು ತಿಳಿದವರು ದಯವಿಟ್ಟು ತಿಳಿಸಿ.

ಇರ್ಪು (ವಿರಾಜಪೇಟೆ)

ಮೇಡಂ, ಯಂತ್ರ ಕೊಳ್ಳುವ ಮೊದಲು ಪ್ರೋಗ್ರಾಂ ಫಲಿತಾಂಶವನ್ನು ಎಷ್ಟು ಸಲ, ಹೇಗೆ ಬರೆದಿಡುತ್ತದೆ ಎಂದು ಹೇಳಬಹುದೇ? ಹಾಗೆಯೇ 40 ಲಕ್ಷ ಚೌಕಗಳನ್ನು ಪ್ರತಿ ಕೋರ್ ಮೇಲೆ ಓಡುವ ಪ್ರೋಗ್ರಾಂ ಪ್ರತಿಗಳಿಗೆ, ಅಂದರೆ ಪ್ರೋಸೆಸ್‌ಗಳಿಗೆ ಯಾವ ಆಕಾರದಲ್ಲಿ ಹಂಚಿದ್ದೀರಿ ಎಂಬುದೂ ಗೊತ್ತಾಗಬೇಕು.

ಹಾರಂಗಿ ತೀರ (ಕುಶಾಲನಗರ)

ಮಾದರಿಯ ಕಾಲದಲ್ಲಿ, ಅಂದರೆ ಲೆಕ್ಕ ಹಾಕುತ್ತಿರುವ ಮಳೆಯ ದಿನದ ಪ್ರತಿ ನಿಮಿಷಕ್ಕೊಮ್ಮೆ, ಇಡೀ ಪ್ರದೇಶದ ಮೂರೂ ಮೌಲ್ಯಗಳನ್ನು ಬರೆಯುತ್ತೇವೆ. ಎಲ್ಲ ಪ್ರೋಸೆಸ್‌ಗಳೂ ತಮ್ಮ ಭಾಗವನ್ನು ಮೊದಲನೆಯ ಪ್ರೋಸೆಸ್‌ಗೆ ಕಳುಹಿಸುತ್ತವೆ. ಅದು ಒಟ್ಟುಗೂಡಿಸಿ ಫೈಲ್ ಸರ್ವರ್‌ಗೆ ಬರೆದ ನಂತರ ಎಲ್ಲರೂ ಮುಂದಿನ ಹೆಜ್ಜೆ ಇಡುತ್ತಾರೆ. ಹಂಚಿಕೆಗೆ ಬಂದರೆ, ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವುದರಿಂದ ಅದಕ್ಕೆ ಅಡ್ಡಲಾಗಿ, ಉತ್ತರದಿಂದ ದಕ್ಷಿಣಕ್ಕೆ ಚಾಚಿದ 128 ಪಟ್ಟಿಗಳನ್ನು ಮಾಡಿದ್ದೇವೆ. ಮೊದಲ ಪಟ್ಟಿ ಘಟ್ಟದ ಅಂಚಿನಲ್ಲಿದೆ, ಕೊನೆಯದು ಕುಶಾಲನಗರದ ಆಚೆಗಿದೆ.

ಇರ್ಪು (ವಿರಾಜಪೇಟೆ)

ಹಾಗಿದ್ದರೆ ಕಾಗದ ಪೆನ್ಸಿಲ್ ಹಿಡಿದೇ ಅರ್ಧ ಉತ್ತರ ಪಡೆಯಬಹುದು. 40 ಲಕ್ಷ ಚೌಕ, ಮೂರು ಮೌಲ್ಯ, ಪ್ರತಿಯೊಂದಕ್ಕೂ ಎಂಟು ಬೈಟ್ ಎಂದರೆ ಒಂದು ಸಲದ ಬರಹ 96 ಮೆಗಾಬೈಟ್. ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸಿದ್ಧಾಂತದ ಪ್ರಕಾರವೇ 125 ಮೆಗಾಬೈಟ್ ಹೋಗುತ್ತದೆ, ವಾಸ್ತವದಲ್ಲಿ ಇನ್ನೂ ಕಡಿಮೆ. ಅಂದರೆ ಎಲ್ಲವನ್ನೂ ಮೊದಲನೆಯ ಪ್ರೋಸೆಸ್‌ನಲ್ಲಿ ಒಟ್ಟುಗೂಡಿಸಲು ಹತ್ತಿರ ಹತ್ತಿರ ಒಂದು ಸೆಕೆಂಡು, ಅಲ್ಲಿಂದ ಫೈಲ್ ಸರ್ವರ್‌ಗೆ ಸಾಗಿಸಲು ಮತ್ತೊಂದು ಸೆಕೆಂಡು. ಒಂದು ದಿನದಲ್ಲಿ 1440 ನಿಮಿಷಗಳಿವೆ. ಹಾಗಾಗಿ ಸುಮಾರು ನಲವತ್ತು ನಿಮಿಷಗಳಿಗೂ ಹೆಚ್ಚು ಕಾಲ ನಿಮ್ಮ 128 ಕೋರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಏನೂ ಮಾಡದೆ ಆ ಒಂದು ತಂತಿಗಾಗಿ ಕಾಯುತ್ತಿರುತ್ತವೆ.

ಈ ನಲವತ್ತು ನಿಮಿಷ ಯಂತ್ರಗಳ ಸಂಖ್ಯೆ ಹೆಚ್ಚಿದರೂ ಕರಗುವುದಿಲ್ಲ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದ ಇದೇ: ಹಂಚಲಾಗದ ಭಾಗ ಎಷ್ಟಿದೆಯೋ ಅದೇ ವೇಗದ ಮಿತಿಯನ್ನು ತೀರ್ಮಾನಿಸುತ್ತದೆ. ಕೆಲಸದ ಶೇ. 5 ಭಾಗ ಹಂಚಲಾಗದ್ದಾದರೆ ಎಷ್ಟೇ ಯಂತ್ರ ತಂದರೂ ವೇಗ ಇಪ್ಪತ್ತು ಪಟ್ಟನ್ನು ಮೀರುವುದಿಲ್ಲ. 16 ಯಂತ್ರಗಳಲ್ಲಿ ಸಿಗುವುದು ಒಂಬತ್ತು ಪಟ್ಟು ಮಾತ್ರ. ನೀವು ನೂರು ಯಂತ್ರಗಳನ್ನು ಕೂಡಿಸಿದರೂ ಈ ಬರೆಯುವ ವಿಧಾನ ಹೀಗೆಯೇ ಇದ್ದರೆ ಮುಕ್ಕಾಲು ಗಂಟೆಗಿಂತ ಕೆಳಗೆ ಇಳಿಯುವುದು ಬಹಳ ಕಷ್ಟ.

ಮಳೆಯ ಅಳತೆಯೇ 15 ನಿಮಿಷಕ್ಕೊಮ್ಮೆ ಬರುವಾಗ ಇಡೀ ಪ್ರದೇಶದ ಚಿತ್ರವನ್ನು ನಿಮಿಷಕ್ಕೊಮ್ಮೆ ಇಟ್ಟುಕೊಳ್ಳುವ ಅಗತ್ಯ ನಿಜಕ್ಕೂ ಇದೆಯೇ? 15 ನಿಮಿಷಕ್ಕೊಮ್ಮೆ ಬರೆದರೆ 1440 ಬರಹಗಳು 96ಕ್ಕೆ ಇಳಿಯುತ್ತವೆ. ನಿಮಿಷ ನಿಮಿಷದ ನೀರಿನ ಮಟ್ಟ ಬೇಕಾಗುವುದು ಭಾಗಮಂಡಲ, ನಾಪೋಕ್ಲು, ಬೇತ್ರಿ, ಸಿದ್ದಾಪುರ, ದುಬಾರೆ, ಕೂಡಿಗೆಯಂಥ ಕೆಲವೇ ಜಾಗಗಳಲ್ಲಿ. ಆ ಚೌಕಗಳ ಅಂಕಿಗಳನ್ನು ಮಾತ್ರ ಪ್ರತ್ಯೇಕ ಸಣ್ಣ ಫೈಲಿಗೆ ಬರೆದರೆ ತಂತಿಗೆ ಅದು ಭಾರವೇ ಅಲ್ಲ.

ಪುಷ್ಪಗಿರಿ (ಸೋಮವಾರಪೇಟೆ, ವಿದ್ಯಾರ್ಥಿ)

ಬರೆಯುವಾಗ ಎಂಟು ಬೈಟಿನ ಬದಲು ನಾಲ್ಕು ಬೈಟಿನ ಸಂಖ್ಯೆ ಬಳಸಿದರೆ ಇನ್ನೂ ಅರ್ಧಕ್ಕೆ ಇಳಿಯುವುದಿಲ್ಲವೇ? ಹಾಗೆ ನೋಡಿದರೆ ಇಡೀ ಲೆಕ್ಕವನ್ನೇ ನಾಲ್ಕು ಬೈಟಿನಲ್ಲಿ ಮಾಡಬಹುದಲ್ಲ? ಮೆಮೊರಿಯಿಂದ ಬರಬೇಕಾದ ದತ್ತಾಂಶವೂ ಅರ್ಧವಾಗುತ್ತದೆ.

ಬ್ರಹ್ಮಗಿರಿ (ಬೆಂಗಳೂರು, ಊರು ಶ್ರೀಮಂಗಲ)

ಬರಹಕ್ಕೆ ನಾಲ್ಕು ಬೈಟ್ ಧಾರಾಳವಾಗಿ ಸಾಕು, ಅದನ್ನು ಇಂದೇ ಮಾಡಿ. ಆದರೆ ಲೆಕ್ಕದ ಒಳಗೆ ಆಳದ ಮೌಲ್ಯವನ್ನು ನಾಲ್ಕು ಬೈಟಿಗೆ ಇಳಿಸುವ ಮೊದಲು ಈ ಒಂದು ಲೆಕ್ಕ ಮಾಡಿ ನೋಡಿ. ಗಂಟೆಗೆ 10 ಮಿಲಿಮೀಟರ್ ಮಳೆ ಎಂದರೆ ಮೂರು ಸೆಕೆಂಡಿನ ಒಂದು ಹೆಜ್ಜೆಯಲ್ಲಿ ಒಂದು ಚೌಕಕ್ಕೆ ಸೇರುವ ನೀರು ಸುಮಾರು ಎಂಟು ಮೈಕ್ರೊಮೀಟರ್. ಹೊಳೆಯಲ್ಲಿ ನೀರಿನ ಆಳ 10 ಮೀಟರ್ ಇರುವ ಕಡೆ ನಾಲ್ಕು ಬೈಟಿನ ಸಂಖ್ಯೆಗಳ ನಡುವಿನ ಅಂತರವೇ ಹತ್ತಿರ ಹತ್ತಿರ ಒಂದು ಮೈಕ್ರೊಮೀಟರ್ ಇರುತ್ತದೆ. ಅಂದರೆ ಸೇರಿಸಿದ ಮಳೆಯಲ್ಲಿ ಪ್ರತಿ ಹೆಜ್ಜೆಗೂ ಶೇ. 5ರಿಂದ 6ರಷ್ಟು ತಪ್ಪು ಬರಬಹುದು. 28,800 ಹೆಜ್ಜೆಗಳಲ್ಲಿ ಅದು ಒಂದೇ ಕಡೆಗೆ ವಾಲಿದರೆ ನೀರಿನ ಲೆಕ್ಕವೇ ತಾಳೆಯಾಗುವುದಿಲ್ಲ. ಜನರು ಮನೆ ಬಿಡಬೇಕೋ ಬೇಡವೋ ಎಂದು ಈ ಅಂಕಿಗಳನ್ನು ನೋಡಿ ತೀರ್ಮಾನಿಸುವ ದಿನ ಬರಬಹುದಾದ್ದರಿಂದ ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ವೇಗಕ್ಕಾಗಿ ನಿಖರತೆಯನ್ನು ಬಿಡುವುದಾದರೆ ಎಲ್ಲಿ ಬಿಡುತ್ತಿದ್ದೇವೆ ಎಂಬುದು ಅಂಕಿಯಲ್ಲಿ ಗೊತ್ತಿರಬೇಕು.

ಇನ್ನು ಪಟ್ಟಿಗಳ ವಿಚಾರ. ಇರ್ಪು ಅವರು ಹೇಳಿದ ಬರಹದ ಸಮಸ್ಯೆ ಕಣ್ಣಿಗೆ ಕಾಣುವಂಥದ್ದು. ಅದರ ಕೆಳಗೆ ಇನ್ನೊಂದು ಅಡಗಿದೆ ಎಂದು ನನ್ನ ಅನುಮಾನ. ಹಾರಂಗಿ ತೀರ ಮೇಡಂ, ನಿಮ್ಮ ಪ್ರೋಗ್ರಾಂ ಒಣಗಿರುವ ಚೌಕಗಳನ್ನು ಬಿಟ್ಟು ಮುಂದೆ ಹೋಗುತ್ತದೆಯೇ? ಮಣ್ಣಿನೊಳಕ್ಕೆ ಇಂಗುವ ನೀರಿನ ಲೆಕ್ಕ ಎಲ್ಲ ಕಡೆಯೂ ಒಂದೇ ಸಮಯ ತೆಗೆದುಕೊಳ್ಳುತ್ತದೆಯೇ?

ಹಾರಂಗಿ ತೀರ (ಕುಶಾಲನಗರ)

ಒಣ ಚೌಕಗಳನ್ನು ಬಿಡುತ್ತದೆ ಸರ್. ಇಂಗುವಿಕೆಯ ಲೆಕ್ಕವು ಉತ್ತರ ಸ್ಥಿರವಾಗುವವರೆಗೆ ಸುತ್ತು ಹಾಕುತ್ತದೆ. ಮಣ್ಣು ನೆನೆದು ತುಂಬುತ್ತಾ ಬಂದ ಹಾಗೆ ಸುತ್ತುಗಳು ಹೆಚ್ಚುತ್ತವೆ.

ಕಾಫಿ ಕಣ (ನಾಪೋಕ್ಲು)

ನಾನು ಕಂಪ್ಯೂಟರ್ ಕಲಿತವನಲ್ಲ, ತೋಟ ನೋಡಿಕೊಳ್ಳುವವನು. ಆದರೆ ಈ ಚರ್ಚೆ ನಮ್ಮ ಹೊಳೆಯದ್ದಾದ್ದರಿಂದ ಓದುತ್ತಿದ್ದೇನೆ. ನಾವು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವವರು. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟಿದ ವರ್ಷಗಳಿವೆ. ಕುಶಾಲನಗರದ ಕಡೆಗೆ ಅಂಥ ವರ್ಷದಲ್ಲೂ ಅದರ ಒಂದು ಸಣ್ಣ ಪಾಲು ಮಾತ್ರ ಬೀಳುತ್ತದೆ. ಮೇಡಂ ಹೇಳಿದ ಪ್ರಕಾರ ಉತ್ತರದಿಂದ ದಕ್ಷಿಣಕ್ಕೆ ಪಟ್ಟಿ ಮಾಡಿದರೆ ಘಟ್ಟದ ಮಳೆಯೆಲ್ಲ ಮೊದಲ ಒಂದೆರಡು ಯಂತ್ರಗಳ ತಲೆಯ ಮೇಲೆಯೇ ಬೀಳುವುದಿಲ್ಲವೇ? ಕೊಯ್ಲಿನ ಸಮಯದಲ್ಲಿ ಒಬ್ಬರಿಗೆ ಹಣ್ಣು ತುಂಬಿದ ಸಾಲು, ಇನ್ನೊಬ್ಬರಿಗೆ ಖಾಲಿ ಸಾಲು ಕೊಟ್ಟರೆ, ತೂಕ ಮುಗಿಸಿ ಮನೆಗೆ ಹೊರಡಲು ಎಲ್ಲರೂ ಆ ತುಂಬಿದ ಸಾಲಿನವರಿಗಾಗಿ ಕಾಯಬೇಕಾಗುತ್ತದೆ.

ಬ್ರಹ್ಮಗಿರಿ (ಬೆಂಗಳೂರು, ಊರು ಶ್ರೀಮಂಗಲ)

ಕಾಫಿ ಕಣ ಸರ್, ನಾನು ಬರೆಯಬೇಕೆಂದಿದ್ದ ವಿಷಯವನ್ನು ನನಗಿಂತ ಚೆನ್ನಾಗಿ ಬರೆದಿದ್ದೀರಿ. ನಮ್ಮ ಜಿಲ್ಲೆಯಲ್ಲಿ ಮಳೆ ಕಡಿಮೆಯಾಗುತ್ತಾ ಹೋಗುವುದು ಪಶ್ಚಿಮದಿಂದ ಪೂರ್ವಕ್ಕೆ. ಆದ್ದರಿಂದ ಪಟ್ಟಿಗಳು ಪಶ್ಚಿಮದಿಂದ ಪೂರ್ವಕ್ಕೆ ಉದ್ದವಾಗಿರಬೇಕು. ಆಗ ಪ್ರತಿ ಪ್ರೋಸೆಸ್‌ಗೂ ಘಟ್ಟದ ಮಳೆಯ ಒಂದು ಪಾಲು, ಬಯಲಿನ ಒಣ ಚೌಕಗಳ ಒಂದು ಪಾಲು ಸಿಗುತ್ತದೆ. ಎತ್ತರದ ದತ್ತಾಂಶದ ಫೈಲುಗಳಲ್ಲಿ ಸಾಲುಗಳು ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಇರುತ್ತವೆ. ಸಿ++ ಪ್ರೋಗ್ರಾಂ ಅದನ್ನು ಹಾಗೆಯೇ ಮೆಮೊರಿಗೆ ತಂದಿದ್ದರೆ ಒಂದು ಸಾಲಿನ 2000 ಚೌಕಗಳು ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಕುಳಿತಿರುತ್ತವೆ. ಹೀಗಾಗಿ ಪಕ್ಕದ ಪ್ರೋಸೆಸ್‌ಗೆ ಕಳುಹಿಸಬೇಕಾದ ಅಂಚಿನ ಸಾಲನ್ನು ಆರಿಸಿ ಕಟ್ಟುವ ಕೆಲಸವೂ ಇಲ್ಲವಾಗುತ್ತದೆ.

ಪಠ್ಯದಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದು ಪಟ್ಟಿಗಳಿಗಿಂತ ಚೌಕಟ್ಟಾದ ತುಂಡುಗಳು ಮೇಲು ಎಂದು. ಅದಕ್ಕೆ ಕಾರಣ ಅಂಚಿನ ಉದ್ದ: ಪ್ರತಿ ಹೆಜ್ಜೆಯಲ್ಲೂ ಅಂಚಿನ ಚೌಕಗಳ ಮೌಲ್ಯಗಳನ್ನು ನೆರೆಯವರಿಗೆ ಕಳುಹಿಸಬೇಕು. 128 ಪಟ್ಟಿಗಳಾದರೆ ಪ್ರತಿ ಪ್ರೋಸೆಸ್‌ನ ಪಾಲು 31,250 ಚೌಕ, ಆದರೆ ಎರಡು ಬದಿಯ ಅಂಚು ಸೇರಿ 4000 ಚೌಕ. ಅದೇ ಪ್ರದೇಶವನ್ನು 125 ಗುಣಿಸು 250ರ ತುಂಡುಗಳಾಗಿ ಮಾಡಿದರೆ ಪಾಲು ಅಷ್ಟೇ ಇದ್ದು ಅಂಚು 750ಕ್ಕೆ ಇಳಿಯುತ್ತದೆ. ಪಟ್ಟಿಯ ಇನ್ನೊಂದು ದೋಷವೆಂದರೆ ಪ್ರೋಸೆಸ್‌ಗಳನ್ನು ದ್ವಿಗುಣಗೊಳಿಸಿದಾಗ ಪ್ರತಿಯೊಂದರ ಲೆಕ್ಕ ಅರ್ಧವಾಗುತ್ತದೆ, ಅಂಚು ಮಾತ್ರ 4000ದಲ್ಲೇ ನಿಲ್ಲುತ್ತದೆ. ಆದರೂ ನಿಮ್ಮ ಸಂದರ್ಭದಲ್ಲಿ ನಾನು ಪಟ್ಟಿಯನ್ನೇ ಆರಿಸುತ್ತೇನೆ. ಒಂದೇ ಯಂತ್ರದೊಳಗಿನ 16 ಪ್ರೋಸೆಸ್‌ಗಳು ತಮ್ಮತಮ್ಮಲ್ಲಿ ಮೆಮೊರಿಯ ಮೂಲಕವೇ ಮಾತಾಡಿಕೊಳ್ಳುತ್ತವೆ; ತಂತಿಗೆ ಬರುವುದು ಯಂತ್ರದಿಂದ ಯಂತ್ರಕ್ಕಿರುವ ಅಂಚು ಮಾತ್ರ. ಆ ಮಟ್ಟದಲ್ಲಿ ಎಂಟು ಪಟ್ಟಿಗಳ ಅಂಚು 4000, ಎಂಟು ತುಂಡುಗಳ ಅಂಚು ಹೆಚ್ಚೆಂದರೆ 2500. ಇಷ್ಟು ಸಣ್ಣ ಉಳಿತಾಯಕ್ಕಾಗಿ ಮಳೆಯ ಹೊರೆಯನ್ನು ಮತ್ತೆ ಅಸಮವಾಗಿ ಹಂಚುವುದು ನಷ್ಟದ ವ್ಯಾಪಾರ.

ಈ ಮಾತು ನಿಲ್ಲುವುದು ಒಂದು ಷರತ್ತಿನ ಮೇಲೆ. ಅಕ್ಕಪಕ್ಕದ ಪಟ್ಟಿಗಳು ಒಂದೇ ಯಂತ್ರದಲ್ಲಿರಬೇಕು. ಪ್ರೋಸೆಸ್‌ಗಳನ್ನು ಎಬ್ಬಿಸುವಾಗ ಮೊದಲನೆಯದನ್ನು ಮೊದಲ ಯಂತ್ರಕ್ಕೆ, ಎರಡನೆಯದನ್ನು ಎರಡನೆಯ ಯಂತ್ರಕ್ಕೆ ಎಂದು ಸರದಿಯಂತೆ ಹಂಚುವ ಆಯ್ಕೆ ಚಾಲ್ತಿಯಲ್ಲಿದ್ದರೆ ಪ್ರತಿ ಪಟ್ಟಿಯ ನೆರೆಯವರೂ ಬೇರೆ ಯಂತ್ರದಲ್ಲಿರುತ್ತಾರೆ. ಆಗ ಒಂದು ಯಂತ್ರ ಪ್ರತಿ ಹೆಜ್ಜೆಗೆ ತಂತಿಯ ಮೇಲೆ ಕಳುಹಿಸುವ ದತ್ತಾಂಶ 96 ಕಿಲೋಬೈಟ್‌ನಿಂದ 1.5 ಮೆಗಾಬೈಟ್‌ಗೆ ಏರುತ್ತದೆ. ಸಮಯ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಇದ್ದದ್ದು ಸುಮಾರು 13 ಮಿಲಿಸೆಕೆಂಡ್ ಆಗುತ್ತದೆ. ಎಂಟು ಯಂತ್ರಗಳಲ್ಲಿ ನಿಮ್ಮ ಒಂದು ಹೆಜ್ಜೆಯ ಲೆಕ್ಕಕ್ಕೆ ಬೇಕಾಗುವುದೇ 50 ಮಿಲಿಸೆಕೆಂಡಿನ ಆಸುಪಾಸು ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಚಾಲನೆಯ ಆದೇಶದಲ್ಲಿ ಒಂದು ಆಯ್ಕೆ ಬದಲಿಸಿದರೆ ಸಾಕು, ಪ್ರೋಗ್ರಾಂ ಮುಟ್ಟಬೇಕಾಗಿಲ್ಲ.

ಕೋಟೆಬೆಟ್ಟ (ಮಡಿಕೇರಿ)

ನಿವೃತ್ತನಾದ ಮೇಲೂ ಈ ವಿಷಯದ ಮೇಲಿನ ಪ್ರೀತಿ ಹೋಗಿಲ್ಲ, ಅದಕ್ಕಾಗಿ ಒಂದೆರಡು ಮಾತು ಸೇರಿಸುತ್ತೇನೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಲೆಕ್ಕಾಚಾರದಿಂದ ಬಂದ ಊಹೆ. ಒಳ್ಳೆಯ ಊಹೆಗಳೇ ಸರಿ, ಆದರೆ ಅಳೆಯದೆ ಯಾವುದನ್ನೂ ಬದಲಿಸಬೇಡಿ. ಅಳೆಯುವಾಗ ಬಹಳ ಜನ ದಾರಿ ತಪ್ಪುವ ಒಂದು ಜಾಗವಿದೆ.

ನಿಮ್ಮ ಪ್ರೋಗ್ರಾಂ ಪ್ರತಿ ಹೆಜ್ಜೆಯಲ್ಲೂ ಮುಂದಿನ ಹೆಜ್ಜೆಯ ಗಾತ್ರವನ್ನು ತೀರ್ಮಾನಿಸಲು ಎಲ್ಲ ಪ್ರೋಸೆಸ್‌ಗಳಿಂದ ಕನಿಷ್ಠ ಮೌಲ್ಯವನ್ನು ಕೇಳಿ ಪಡೆಯುತ್ತಿರಲೇಬೇಕು, ಏಕೆಂದರೆ ನೀರು ಅತಿ ವೇಗವಾಗಿ ಹರಿಯುವ ಚೌಕವೇ ಹೆಜ್ಜೆಯ ಮಿತಿಯನ್ನು ಹೇಳುತ್ತದೆ. ಪ್ರೊಫೈಲರ್ (ಯಾವ ಭಾಗಕ್ಕೆ ಎಷ್ಟು ಸಮಯ ಹೋಯಿತೆಂದು ತೋರಿಸುವ ಸಾಧನ) ಹಾಕಿ ನೋಡಿದರೆ ಈ ಒಂದು ಕರೆಯಲ್ಲೇ ಬಹಳಷ್ಟು ಸಮಯ ಹೋಗುತ್ತಿದೆ ಎಂದು ತೋರಿಸುತ್ತದೆ. ಅದನ್ನು ನೋಡಿದವರು ನೆಟ್‌ವರ್ಕ್ ನಿಧಾನವಾಗಿದೆ ಎಂದುಕೊಂಡು ದುಬಾರಿ ಸ್ವಿಚ್ ಕೊಳ್ಳಲು ಹೊರಡುತ್ತಾರೆ. ನಿಜದಲ್ಲಿ ಎಂಟು ಬೈಟಿನ ಒಂದು ಸಂಖ್ಯೆಯನ್ನು 128 ಪ್ರೋಸೆಸ್‌ಗಳ ನಡುವೆ ಕೂಡಿಸಲು ಏಳು ಹಂತಗಳು ಸಾಕು; ಸಾಮಾನ್ಯ ಗಿಗಾಬಿಟ್ ಜಾಲದಲ್ಲೂ ಅದು ಒಂದು ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಉಳಿದದ್ದು ಬೇಗ ಬಂದವರು ತಡವಾಗಿ ಬರುವವರಿಗಾಗಿ ಆ ಬಾಗಿಲಲ್ಲಿ ನಿಂತ ಸಮಯ. ಇವೆರಡನ್ನು ಬೇರ್ಪಡಿಸಲು ಆ ಕರೆಗೆ ಸ್ವಲ್ಪ ಮೊದಲು ಒಂದು ಬ್ಯಾರಿಯರ್ (ಎಲ್ಲರೂ ಬಂದು ಸೇರುವವರೆಗೆ ಯಾರನ್ನೂ ಮುಂದೆ ಬಿಡದ ತಡೆ) ಹಾಕಿ, ಬ್ಯಾರಿಯರ್‌ನಲ್ಲಿ ಕಳೆದ ಸಮಯವನ್ನು ಪ್ರತಿ ಪ್ರೋಸೆಸ್‌ಗೂ ಪ್ರತ್ಯೇಕವಾಗಿ ಬರೆದುಕೊಳ್ಳಿ. ಅಳತೆ ಮುಗಿದ ಮೇಲೆ ಅದನ್ನು ತೆಗೆದುಹಾಕಿ. ಅತಿ ಕಡಿಮೆ ಕಾದ ಪ್ರೋಸೆಸ್ ಯಾವುದೋ ಅದೇ ಎಲ್ಲರನ್ನೂ ಕಾಯಿಸುತ್ತಿರುವುದು.

ಆ ಪ್ರೋಸೆಸ್ ಯಾವಾಗಲೂ ಒಂದೇ ಯಂತ್ರದಲ್ಲಿದ್ದರೆ, ಪಟ್ಟಿಯನ್ನು ಬದಲಿಸಿದರೂ ಅಲ್ಲೇ ಉಳಿದರೆ, ದೋಷ ಹಂಚಿಕೆಯದ್ದಲ್ಲ, ಯಂತ್ರದ್ದು. ಎಂಟೂ ಯಂತ್ರಗಳಲ್ಲಿ ಒಂದೇ ಸಣ್ಣ ಲೆಕ್ಕವನ್ನು ಪ್ರತ್ಯೇಕವಾಗಿ ಓಡಿಸಿ ಹೋಲಿಸಿ. ಫ್ಯಾನ್‌ನಲ್ಲಿ ಧೂಳು ತುಂಬಿ ಪ್ರೊಸೆಸರ್ ಬಿಸಿಯಾದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಒಂದೇ ಯಂತ್ರದಲ್ಲಿ ಉಳಿದುಹೋಗಿರುವುದೂ ಉಂಟು.

ಇರ್ಪು (ವಿರಾಜಪೇಟೆ)

ಕೋಟೆಬೆಟ್ಟ ಸರ್ ಹೇಳಿದ್ದು ನಮ್ಮ ಕೆಲಸದಲ್ಲೂ ಅಷ್ಟೇ ನಿಜ. ನಾನು ಮನೆಯಿಂದಲೇ ಕೆಲಸ ಮಾಡುವುದು ಹುಡುಕಾಟದ ಸೇವೆಯೊಂದರ ಮೇಲೆ. ಅಲ್ಲಿ ಒಂದು ಪ್ರಶ್ನೆ ನೂರಾರು ಸರ್ವರ್‌ಗಳಿಗೆ ಏಕಕಾಲಕ್ಕೆ ಹೋಗಿ, ಎಲ್ಲ ಉತ್ತರಗಳೂ ಬಂದ ಮೇಲೆ ಬಳಕೆದಾರರಿಗೆ ತಲುಪುತ್ತದೆ. ಒಂದು ಸರ್ವರ್ ನೂರರಲ್ಲಿ ಒಂದು ಸಲ ಮಾತ್ರ ನಿಧಾನವಾಗುತ್ತದೆ ಎಂದರೆ ಕೇಳಲು ಚೆನ್ನಾಗಿಯೇ ಇರುತ್ತದೆ. ಆದರೆ ಅಂಥ ನೂರು ಸರ್ವರ್‌ಗಳಿಗಾಗಿ ಕಾಯಬೇಕಾದ ಪ್ರಶ್ನೆಗಳಲ್ಲಿ ಶೇ. 63ರಷ್ಟು ನಿಧಾನವಾಗುತ್ತವೆ. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ ಅವರು 2013ರಲ್ಲಿ ಈ ಲೆಕ್ಕವನ್ನು ಮುಂದಿಟ್ಟ ಮೇಲೆ ಸರಾಸರಿಯನ್ನು ನೋಡಿ ತೃಪ್ತಿಪಡುವುದನ್ನು ಅನೇಕರು ಬಿಟ್ಟರು. ನಮ್ಮಲ್ಲಿ ಒಂದು ಸರ್ವರ್ ತಡ ಮಾಡಿದರೆ ಅದೇ ಪ್ರಶ್ನೆಯನ್ನು ಅದರ ನಕಲಿಗೆ ಕಳುಹಿಸಿ, ಮೊದಲು ಬಂದ ಉತ್ತರವನ್ನು ತೆಗೆದುಕೊಳ್ಳುವ ದಾರಿಯಿದೆ. ನಿಮ್ಮ ಲೆಕ್ಕದಲ್ಲಿ ಅದಿಲ್ಲ. ಪ್ರತಿ ಪಟ್ಟಿಯ ಸ್ಥಿತಿ ಒಂದೇ ಕಡೆ ಇರುವುದರಿಂದ ತಡ ಮಾಡುವವರನ್ನು ಹುಡುಕಿ ಸರಿಪಡಿಸುವುದೊಂದೇ ಉಪಾಯ.

ಪುಷ್ಪಗಿರಿ (ಸೋಮವಾರಪೇಟೆ, ವಿದ್ಯಾರ್ಥಿ)

ಕ್ಲೌಡ್‌ನಲ್ಲಿ ಯಂತ್ರಗಳನ್ನು ಬಾಡಿಗೆಗೆ ಪಡೆದರೆ ಈ ತೊಂದರೆಗಳೇ ಇರುವುದಿಲ್ಲವಲ್ಲ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪರಮ್ ಪ್ರವೇಗದಂಥ ಯಂತ್ರವನ್ನು ಬಳಸಲು ಸಾಧ್ಯವಿಲ್ಲವೇ?

ಬ್ರಹ್ಮಗಿರಿ (ಬೆಂಗಳೂರು, ಊರು ಶ್ರೀಮಂಗಲ)

ಪರಮ್ ಪ್ರವೇಗ 2022ರಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಯೋಜನೆಯಡಿ ಬಂದ, 3.3 ಪೆಟಾಫ್ಲಾಪ್ಸ್ (ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕಗಳು) ಸಾಮರ್ಥ್ಯದ ಯಂತ್ರ. 10 ಮೀಟರ್ ಚೌಕದಂಥ ದೊಡ್ಡ ಲೆಕ್ಕಕ್ಕೆ ಅಂಥ ಯಂತ್ರವೇ ಬೇಕು: ಚೌಕಗಳು ಒಂಬತ್ತು ಪಟ್ಟು, ಹೆಜ್ಜೆಗಳು ಮೂರು ಪಟ್ಟು, ಒಟ್ಟು ಕೆಲಸ 27 ಪಟ್ಟು. ಆದರೆ ಹಂಚಿಕೆಯ ಅಸಮತೆ, ಒಂದೇ ಬಾಗಿಲಿನ ಬರಹ ಇವೆರಡೂ ಅಲ್ಲಿಯೂ ನಿಮ್ಮ ಜೊತೆಗೇ ಬರುತ್ತವೆ, ಸಾವಿರಾರು ಕೋರ್‌ಗಳಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತವೆ. ಹಂಚಿಕೊಂಡು ಬಳಸುವ ಯಂತ್ರವಾದ್ದರಿಂದ ಸರದಿಯಲ್ಲಿ ಕಾಯಬೇಕು. ಅದಕ್ಕಿಂತ ಮುಖ್ಯವಾದದ್ದನ್ನು ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ: ಮಳೆ ಜೋರಾದಾಗ ಮೊದಲು ಮರ ಬಿದ್ದು ಕಡಿದುಹೋಗುವುದು ತಂತಿಗಳೇ. ಲೆಕ್ಕ ಅತ್ಯಂತ ಅಗತ್ಯವಾದ ರಾತ್ರಿಯಲ್ಲಿ ಬೆಂಗಳೂರಿನ ಯಂತ್ರ ನಿಮ್ಮ ಕೈಗೆ ಸಿಗದೇ ಹೋಗಬಹುದು. ಯುಪಿಎಸ್ ಮೇಲೆ ನಡೆಯುವ, ಕಾಲೇಜಿನಲ್ಲೇ ಇರುವ ಎಂಟು ಯಂತ್ರಗಳನ್ನು ಚೆನ್ನಾಗಿ ದುಡಿಸುವುದಕ್ಕೆ ನಾನು ಬೆಲೆ ಕೊಡುವುದು ಈ ಕಾರಣಕ್ಕೆ.

ಹಾರಂಗಿ ತೀರ (ಕುಶಾಲನಗರ)

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ವಿದ್ಯಾರ್ಥಿಗಳು ಒಂದೊಂದನ್ನೇ ಅಳೆದು ಬದಲಿಸಿದ್ದಾರೆ. ಮುಂದೆ ಇಂಥ ಕೆಲಸ ಮಾಡುವವರಿಗೆ ಉಪಯೋಗವಾಗಲೆಂದು ವಿವರ ಬರೆಯುತ್ತಿದ್ದೇನೆ.

ಇಡೀ ಪ್ರದೇಶದ ಚಿತ್ರವನ್ನು 15 ನಿಮಿಷಕ್ಕೊಮ್ಮೆ, ನಾಲ್ಕು ಬೈಟಿನಲ್ಲಿ ಬರೆಯುವಂತೆ ಮಾಡಿದ್ದೇ ಎಲ್ಲಕ್ಕಿಂತ ದೊಡ್ಡ ಲಾಭ ಕೊಟ್ಟಿತು. ಬರಹಕ್ಕೆ ಈಗ ಒಟ್ಟಾರೆ ಒಂದೆರಡು ನಿಮಿಷ ಮಾತ್ರ ಹೋಗುತ್ತಿದೆ. ಬ್ಯಾರಿಯರ್ ಹಾಕಿ ಅಳೆದಾಗ ಕಾಫಿ ಕಣ ಅವರು ಹೇಳಿದ್ದು ಅಕ್ಷರಶಃ ಕಾಣಿಸಿತು: ಘಟ್ಟದ ಅಂಚಿನ ಪಟ್ಟಿಗಳು ಎಲ್ಲಿಯೂ ಕಾಯುತ್ತಿರಲಿಲ್ಲ, ಕುಶಾಲನಗರದ ಕಡೆಯವು ಪ್ರತಿ ಹೆಜ್ಜೆಯ ಅರ್ಧಕ್ಕಿಂತ ಹೆಚ್ಚು ಕಾಲ ಸುಮ್ಮನೆ ನಿಂತಿದ್ದವು. ಪಟ್ಟಿಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ತಿರುಗಿಸಿದ ಮೇಲೆ ಈ ಅಂತರ ಬಹಳಷ್ಟು ಕಡಿಮೆಯಾಯಿತು. ಪ್ರೋಸೆಸ್‌ಗಳು ಸರದಿಯಂತೆ ಬೇರೆ ಬೇರೆ ಯಂತ್ರಗಳಿಗೆ ಹೋಗುತ್ತಿದ್ದುದು ನಿಜವಾಗಿತ್ತು, ಅದನ್ನೂ ಸರಿಪಡಿಸಿದೆವು. ಒಂದು ಯಂತ್ರ ಉಳಿದವಕ್ಕಿಂತ ನಿಧಾನವಾಗಿದ್ದುದು ಗೊತ್ತಾಗಿ, ಅದರ ಫ್ಯಾನ್ ಸ್ವಚ್ಛಗೊಳಿಸಿದ ಮೇಲೆ ಅದೂ ದಾರಿಗೆ ಬಂತು. ಈಗ ಒಂದು ದಿನದ ಮಳೆಯ ಲೆಕ್ಕ ಅವೇ ಎಂಟು ಯಂತ್ರಗಳಲ್ಲಿ ಮೂವತ್ತೈದು ನಿಮಿಷಗಳ ಆಸುಪಾಸಿನಲ್ಲಿ ಮುಗಿಯುತ್ತಿದೆ. ಹೊಸ ಯಂತ್ರಗಳ ಮಾತನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ.

ಇನ್ನೂ ಎರಡು ಪ್ರಶ್ನೆಗಳಿವೆ. ಜಲಾನಯನದ ಹೊರಗಿನ, ಘಟ್ಟದ ಆಚೆ ಇಳಿಯುವ ಚೌಕಗಳಲ್ಲಿ ಲೆಕ್ಕವೇ ಇಲ್ಲ. ಹೀಗಾಗಿ ಕೆಲವು ಪಟ್ಟಿಗಳಿಗೆ ಇನ್ನೂ ಕಡಿಮೆ ಕೆಲಸ ಸಿಗುತ್ತಿದೆ. ಎರಡನೆಯದಾಗಿ, ಹಂಚಿಕೆ ಬದಲಿಸಿದ ಮೇಲೆ ಒಟ್ಟು ನೀರಿನ ಮೊತ್ತದ ಕೊನೆಯ ಅಂಕಿಗಳು ಹಿಂದಿನದಕ್ಕೆ ಹೊಂದುತ್ತಿಲ್ಲ. ಇದರಿಂದ ವಿದ್ಯಾರ್ಥಿಗಳು ಗಾಬರಿಯಾಗಿದ್ದಾರೆ.

ಕೋಟೆಬೆಟ್ಟ (ಮಡಿಕೇರಿ)

ಮೊದಲನೆಯದಕ್ಕೆ, ಎಲ್ಲರಿಗೂ ಸಮಾನ ಸಾಲುಗಳನ್ನು ಕೊಡುವ ಬದಲು ಸಮಾನ ಕೆಲಸವನ್ನು ಕೊಡಿ. ಹಿಂದಿನ ಒಂದು ಲೆಕ್ಕದಲ್ಲಿ ಪ್ರತಿ ಸಾಲಿಗೆ ಎಷ್ಟು ಸಮಯ ಹಿಡಿಯಿತು ಎಂದು ಬರೆದಿಟ್ಟುಕೊಂಡು, ಮೇಲಿನಿಂದ ಕೂಡಿಸುತ್ತಾ ಬಂದು, ಒಟ್ಟು ಸಮಯದ 128ನೇ ಒಂದು ಭಾಗ ಮುಟ್ಟಿದಲ್ಲೆಲ್ಲ ಒಂದು ಗೆರೆ ಎಳೆಯಿರಿ. ಖಾಲಿ ಚೌಕಗಳು ಹೆಚ್ಚಿರುವ ಕಡೆ ಪಟ್ಟಿ ತಾನಾಗಿಯೇ ದಪ್ಪವಾಗುತ್ತದೆ.

ಎರಡನೆಯದು ಗಾಬರಿಪಡುವ ವಿಷಯವಲ್ಲ, ಆದರೆ ಕೇಳಲೇಬೇಕಾದ ಪ್ರಶ್ನೆ. ಕಂಪ್ಯೂಟರಿನ ದಶಮಾಂಶ ಸಂಖ್ಯೆಗಳನ್ನು ಕೂಡಿಸುವ ಕ್ರಮ ಬದಲಾದರೆ ಮೊತ್ತದ ಕೊನೆಯ ಅಂಕಿಗಳು ಬದಲಾಗುತ್ತವೆ. ಕನಿಷ್ಠ ಮೌಲ್ಯವನ್ನು ಹುಡುಕುವಾಗ ಈ ವ್ಯತ್ಯಾಸ ಬರುವುದಿಲ್ಲ, ಮೊತ್ತದಲ್ಲಿ ಬರುತ್ತದೆ. ನೀವು ಪರೀಕ್ಷಿಸಬೇಕಾದದ್ದು ಬೇರೆ: ಸುರಿದ ಮಳೆಯು ಹೊರಗೆ ಹರಿದದ್ದು, ನೆಲದಲ್ಲಿ ಇಂಗಿದ್ದು, ಮೇಲೆ ನಿಂತದ್ದು ಈ ಮೂರರ ಮೊತ್ತಕ್ಕೆ ಸಮವಾಗಿದೆಯೇ ಎಂಬುದು. ಪ್ರತಿ ಬದಲಾವಣೆಯ ನಂತರವೂ ಈ ತಾಳೆ ನೋಡಿ. ಹಾಗೆಯೇ ಬೇತ್ರಿ ಮತ್ತು ಕೂಡಿಗೆಯ ನೀರಿನ ಮಟ್ಟದ ಗೆರೆಗಳನ್ನು ಹಳೆಯದರ ಮೇಲಿಟ್ಟು ಹೋಲಿಸಿ.

ಪುಷ್ಪಗಿರಿ (ಸೋಮವಾರಪೇಟೆ, ವಿದ್ಯಾರ್ಥಿ)

ನಾವು ಇದೇ ಪ್ರೋಗ್ರಾಂ ಬಳಸಿ 2018ರ ಆಗಸ್ಟ್ ತಿಂಗಳ ಮಳೆಯ ಮೇಲೆ ಮಣ್ಣಿನ ಮೌಲ್ಯಗಳನ್ನು ಹೊಂದಿಸಿ ನೋಡಬೇಕೆಂದಿದ್ದೇವೆ. ಅದಕ್ಕೆ ಬೇರೆ ಬೇರೆ ಮೌಲ್ಯಗಳೊಂದಿಗೆ ಬಹಳ ಸಲ ಓಡಿಸಬೇಕು. ಪ್ರತಿಯೊಂದನ್ನೂ ಎಂಟು ಯಂತ್ರಗಳಲ್ಲಿ ಸರದಿಯಂತೆ ಓಡಿಸುವುದೇ ಸರಿಯೇ?

ಬ್ರಹ್ಮಗಿರಿ (ಬೆಂಗಳೂರು, ಊರು ಶ್ರೀಮಂಗಲ)

ಬೇಡ. ಪ್ರವಾಹದ ರಾತ್ರಿ ಬೇಕಾಗುವುದು ಒಂದೇ ಉತ್ತರ, ಆದಷ್ಟು ಬೇಗ. ಆಗ ಎಂಟನ್ನೂ ಒಂದಕ್ಕೇ ಹಚ್ಚಿ. ಮೌಲ್ಯ ಹೊಂದಿಸುವಾಗ ಬೇಕಾಗುವುದು ಬಹಳ ಉತ್ತರಗಳು, ಒಟ್ಟಾರೆ ಬೇಗ. 40 ಲಕ್ಷ ಚೌಕಗಳು ಒಂದು ಯಂತ್ರದ ಮೆಮೊರಿಯಲ್ಲಿ ಆರಾಮವಾಗಿ ಹಿಡಿಯುತ್ತವೆ. ಯಂತ್ರಕ್ಕೊಂದರಂತೆ ಎಂಟು ಪ್ರತ್ಯೇಕ ಲೆಕ್ಕಗಳನ್ನು ಏಕಕಾಲಕ್ಕೆ ಓಡಿಸಿದರೆ, ಈಗಿನ ಬರಹದ ವಿಧಾನದಲ್ಲಿ ಒಂದು ದಿನದ ಮಳೆಯ ಎಂಟೂ ಲೆಕ್ಕಗಳು ಮೂರೂವರೆ ಗಂಟೆಯೊಳಗೆ ಮುಗಿಯುತ್ತವೆ. ಒಂದಾದ ಮೇಲೊಂದು ಎಂಟು ಯಂತ್ರಗಳಲ್ಲಿ ಓಡಿಸಿದರೆ ನಾಲ್ಕೂವರೆ ಗಂಟೆ ದಾಟುತ್ತದೆ. ಯಂತ್ರಗಳ ನಡುವೆ ಮಾತೇ ಇಲ್ಲವಾದ್ದರಿಂದ ಯಾರೂ ಯಾರಿಗಾಗಿಯೂ ಕಾಯುವುದಿಲ್ಲ.

ಹೀಗೆ ಮಾಡುವಾಗ ಒಂದೊಂದು ಲೆಕ್ಕವೂ ದೀರ್ಘವಾಗುವುದರಿಂದ, ಯುಪಿಎಸ್ ತಾಳದಷ್ಟು ಹೊತ್ತು ಕರೆಂಟ್ ಹೋದಾಗ ಮೊದಲಿನಿಂದ ಶುರು ಮಾಡಬೇಕಾಗದಂತೆ ಆಗಾಗ ಸ್ಥಿತಿಯನ್ನು ಆಯಾ ಯಂತ್ರದ ಡಿಸ್ಕ್‌ನಲ್ಲೇ ಉಳಿಸಿಕೊಳ್ಳಿ, ಫೈಲ್ ಸರ್ವರ್‌ಗೆ ಕಳುಹಿಸಬೇಡಿ. ಎಷ್ಟು ಹೊತ್ತಿಗೊಮ್ಮೆ ಎಂಬುದಕ್ಕೆ ಜಾನ್ ಯಂಗ್ 1974ರಲ್ಲಿ ಕೊಟ್ಟ ಸರಳ ಸೂತ್ರವಿದೆ: ಒಂದು ಸಲ ಉಳಿಸಲು ಬೇಕಾಗುವ ಸಮಯವನ್ನು ಎರಡು ವಿಘ್ನಗಳ ನಡುವಿನ ಸರಾಸರಿ ಸಮಯದಿಂದ ಗುಣಿಸಿ, ಎರಡರಿಂದ ಗುಣಿಸಿ, ವರ್ಗಮೂಲ ತೆಗೆಯಬೇಕು. ಉಳಿಸಲು ಎರಡು ಸೆಕೆಂಡು ಹಿಡಿದು, ಮಳೆಗಾಲದಲ್ಲಿ ಆರು ಗಂಟೆಗೊಮ್ಮೆ ಕರೆಂಟ್ ಹೋಗುತ್ತದೆ ಎಂದಿಟ್ಟುಕೊಂಡರೆ ಉತ್ತರ ಸುಮಾರು ಐದು ನಿಮಿಷ. ಹೊಸ ಫೈಲ್ ಪೂರ್ತಿ ಬರೆದು ಮುಗಿಯುವವರೆಗೆ ಹಳೆಯದನ್ನು ಅಳಿಸಬೇಡಿ; ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕೈಯಲ್ಲಿ ಒಂದಾದರೂ ಸರಿಯಾದ ಫೈಲ್ ಉಳಿದಿರಬೇಕು.